ಬಾಲ್ಡ್ ಈಗಲ್ ಫೋಟೋ: ತಲೆ ಪೂರ್ತಿ ಬಿಳಿ, ಮೈ ಕಪ್ಪು ಮುದ್ದೆ, ಶಾರ್ಪ್ ಕೂಡ ಇಲ್ಲ

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ನವೆಂಬರ್ ಬಂತೆಂದರೆ ಸಸ್ಕ್ವೆಹಾನಾ ನದಿಯ ಕೊನೊವಿಂಗೊ ಅಣೆಕಟ್ಟಿನ ಕೆಳಗೆ ಬಾಲ್ಡ್ ಈಗಲ್‌ಗಳು ಮೀನಿಗಾಗಿ ಸೇರುತ್ತವೆ. ಎರಡು ಮೀಟರ್ ಅಗಲದ ರೆಕ್ಕೆ ಬಿಚ್ಚಿ ನೀರಿಗೆ ಇಳಿಯುವುದನ್ನು ನೋಡುವುದೇ ಹಬ್ಬ. ಫೋಟೋ ಮಾತ್ರ ಸರಿ ಬರುತ್ತಿಲ್ಲ. ಒಂದರಲ್ಲಿ ತಲೆ ಬರೀ ಬಿಳಿ ಚುಕ್ಕೆ, ಕಣ್ಣು ಬಿಟ್ಟರೆ ಏನೂ ಕಾಣುವುದಿಲ್ಲ. ಇನ್ನೊಂದರಲ್ಲಿ ಮೈ ಕಪ್ಪು ಮುದ್ದೆ. ದೂರದ ಹಕ್ಕಿಗಳು ಮಸುಕು. 200-600 ಲೆನ್ಸ್, ಅಪರ್ಚರ್ ಪ್ರಯಾರಿಟಿ, ಆಟೋ ಐಎಸ್ಒ. ಅಂದರೆ ಶಟರ್ ವೇಗ, ಬೆಳಕಿನ ಸೂಕ್ಷ್ಮತೆ ಎರಡನ್ನೂ ಕ್ಯಾಮೆರಾವೇ ಆರಿಸುತ್ತದೆ. ಲೆನ್ಸ್ ಬದಲಿಸಬೇಕಾ?

ರೆಕ್ಕೆಪುಕ್ಕ:
ಲೆನ್ಸ್ ಮಾರಬೇಡಿ! ಇಲ್ಲಿರುವುದು ಎರಡು ಸಮಸ್ಯೆ, ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲು ಬೆಳಕು. ಈಗಿನ ಸೆಟ್ಟಿಂಗ್‌ನಲ್ಲಿ ಕ್ಯಾಮೆರಾ ಇಡೀ ಫ್ರೇಮಿನ ಬೆಳಕು ಅಳೆಯುತ್ತದೆ. ಹಕ್ಕಿ ಆಚೆ ದಡದ ಮರಗಳ ಮುಂದೆ ಹಾರಿದರೆ ಕತ್ತಲಿದೆ ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ. ತಲೆ ಹೋಯಿತು. ಅದೇ ಹಕ್ಕಿ ಆಕಾಶಕ್ಕೆ ಏರಿದರೆ ಉಲ್ಟಾ. ಹಕ್ಕಿಯ ಮೇಲೆ ಬೀಳುವ ಬಿಸಿಲು ಬದಲಾಗಿಯೇ ಇಲ್ಲ, ಅಲ್ವಾ? ಹಾಗಾಗಿ ಎಲ್ಲವನ್ನೂ ನೀವೇ ಹೊಂದಿಸುವ ಮ್ಯಾನುಯಲ್‌ಗೆ ಬನ್ನಿ. ಆಟೋ ಐಎಸ್ಒ ಕೂಡ ಆಫ್ ಮಾಡಿ, ಇಲ್ಲದಿದ್ದರೆ ಮ್ಯಾನುಯಲ್ ಸುಮ್ನೆ ಹೆಸರಿಗಷ್ಟೆ. ಒಳ್ಳೆ ಬಿಸಿಲಿದ್ದರೆ ಶಟರ್ 1/3200, ಎಫ್ 7.1, ಐಎಸ್ಒ 640ರಿಂದ ಶುರು ಮಾಡಿ.

ಈಗಲ್ ಬರುವ ತನಕ ಕಾಯಬೇಕಿಲ್ಲ. ಅಲ್ಲಿ ಗಲ್ ಹಕ್ಕಿಗಳು ಬೇಕಾದಷ್ಟಿವೆ, ಅವೂ ಬಿಳಿ. ಹೈಲೈಟ್ ಎಚ್ಚರಿಕೆ (ಬೆಳಕು ಅತಿಯಾದ ಭಾಗವನ್ನು ಪರದೆಯಲ್ಲಿ ಮಿನುಗಿಸಿ ತೋರಿಸುವುದು) ಆನ್ ಮಾಡಿ ಅವುಗಳ ಮೇಲೆ ಕ್ಲಿಕ್ ಮಾಡುತ್ತಾ ಹೋಗಿ. ಬಿಳಿ ಭಾಗ ಮಿನುಗುವುದು ನಿಂತ ಕಡೆ ಸೆಟ್ಟಿಂಗ್ ಬಿಡಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) ಇದ್ದರೆ ಕಂದು ಮೈಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಬಹುದು. ಸುಟ್ಟುಹೋದ ಬಿಳಿ ವಾಪಸ್ ಬರುವುದಿಲ್ಲ. ಮೋಡ ಬಂದರೆ ಮತ್ತೆ ಗಲ್ ಹುಡುಕಿ.

ಕಡಲಕಣ್ಣು:
ನಾನು ಮಲ್ಪೆ ಬಂದರಿನಲ್ಲಿ ಗರುಡಗಳ ಫೋಟೋ ತೆಗೆಯುವವನು. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ, ಇದೇ ತೊಂದರೆ. ಇಲ್ಲಿಯೂ ಮ್ಯಾನುಯಲ್ಲೇ ಮದ್ದು. ಲೆನ್ಸ್ ಮುಂದೆ ಯುವಿ ಫಿಲ್ಟರ್ ಇದ್ದರೆ ತೆಗೆದು ನೋಡಿ. ಉದ್ದ ಲೆನ್ಸ್‌ಗೆ ಅಗ್ಗದ ಗಾಜು ಹಾಕಿದರೆ ಚಿತ್ರ ಮೆತ್ತಗಾಗುತ್ತದೆ.

ರೆಕ್ಕೆಪುಕ್ಕ:
ಒಳ್ಳೆ ಮಾತು. ಇನ್ನು ಮಸುಕು. ಕೂತಿರುವ ಹಕ್ಕಿಗೆ ಟ್ರೈಪಾಡ್ ಇಟ್ಟು ಒಂದು ಬರ್ಸ್ಟ್, ಅಂದರೆ ಒಂದರ ಹಿಂದೊಂದು ಬೇಗ ಬೇಗ ಹಲವು ಫೋಟೋ ತೆಗೆಯಿರಿ. ಎಲ್ಲ ಫ್ರೇಮೂ ಒಂದೇ ತರ ಮೆತ್ತಗಿದ್ದರೆ ಫೋಕಸ್ ತಪ್ಪಿದೆ. ಒಂದು ದಿಕ್ಕಿಗೆ ಎಳೆದ ಹಾಗಿದ್ದರೆ ಅಲುಗಾಟ. ಪ್ರತಿ ಫ್ರೇಮಿನಲ್ಲೂ ಅಂಚು ಬೇರೆ ಬೇರೆ ತರ ಅಲೆ ಅಲೆಯಾಗಿದ್ದರೆ ನಿಮ್ಮ ಮತ್ತು ಹಕ್ಕಿಯ ನಡುವಿನ ಗಾಳಿಯದೇ ಕಾಟ.

ಹೊಳೆದಂಡೆ:
ಮಾಡಿ ನೋಡಿದೆ. ತಲೆಯ ಗರಿಗಳು ಈಗ ಒಂದೊಂದೂ ಕಾಣುತ್ತಿವೆ, ತುಂಬಾ ಖುಷಿಯಾಯಿತು! ಮಸುಕು ಮಾತ್ರ ನೀವು ಹೇಳಿದ ಮೂರನೆಯದು. ಅಲೆ ಅಲೆ.

ರೆಕ್ಕೆಪುಕ್ಕ:
ನವೆಂಬರ್ ಬೆಳಿಗ್ಗೆ ಗಾಳಿ ತಣ್ಣಗೆ, ನದಿ ನೀರು ಅದಕ್ಕಿಂತ ಬೆಚ್ಚಗೆ. ಎರಡರ ನಡುವಿನ ಗಾಳಿ ಕುದಿಯುತ್ತಿರುತ್ತದೆ. ಎಷ್ಟು ದುಬಾರಿ ಲೆನ್ಸ್ ತಂದರೂ ಅದನ್ನು ದಾಟಲಾಗದು. ಇರುವ ದಾರಿ ಒಂದೇ, ದೂರ ಕಡಿಮೆ ಮಾಡುವುದು. ಅಂದರೆ ನೀವು ಹತ್ತಿರ ಹೋಗುವುದಲ್ಲ, ಅವು ಬರುವ ತನಕ ಕಾಯುವುದು. ಟರ್ಬೈನ್ ಓಡುವಾಗ ಸಿಕ್ಕಿ ತತ್ತರಿಸಿದ ಮೀನು ಕೆಳಗೆ ತೇಲಿ ಬರುತ್ತದೆ, ಆಗ ಈಗಲ್‌ಗಳೂ ಚುರುಕು. ಸೈರನ್ ಕೇಳಿದರೆ ಕ್ಯಾಮೆರಾ ರೆಡಿ ಇರಲಿ, ಆದರೆ ಕಲ್ಲುಗಳ ಮೇಲೆ ಇಳಿದು ನಿಲ್ಲಬೇಡಿ. ನೀರು ಬೇಗ ಏರುತ್ತದೆ. ಕಾರಿನೊಳಗಿಂದ ತೆಗೆಯುತ್ತಿದ್ದರೆ ಹೀಟರ್ ಆರಿಸಿ, ಕಿಟಕಿಯ ಬಿಸಿ ಗಾಳಿಯೂ ಹೀಗೇ ಮಾಡುತ್ತದೆ. ಕಾರನ್ನು ಟಾರ್ಪಾಲಿನಿಂದ ಮುಚ್ಚಿ ಹೋಗುವುದೂ ಒಳ್ಳೆಯದು, ಅಲ್ಲಿನ ಕಪ್ಪು ರಣಹದ್ದುಗಳು ವೈಪರ್ ರಬ್ಬರ್ ಕಿತ್ತು ಹಾಕುತ್ತವೆ.

ಹೊಳೆದಂಡೆ:
ನಮ್ಮ ಮನೆ ಹತ್ತಿರ ಒಂದು ಗೂಡು ಇದೆಯಂತೆ. ಅಲ್ಲಿ ದೂರದ ಸಮಸ್ಯೆಯೇ ಇರುವುದಿಲ್ಲ ಅಲ್ವಾ?

ರೆಕ್ಕೆಪುಕ್ಕ:
ದಯವಿಟ್ಟು ಬೇಡ. ಗೂಡಿನಿಂದ 330 ಅಡಿ, ಅಂದರೆ ಸುಮಾರು 100 ಮೀಟರ್ ಆಚೆಯೇ ಇರಬೇಕೆಂದು ಅಲ್ಲಿನ ವನ್ಯಜೀವಿ ಇಲಾಖೆಯ ಸಲಹೆ. ಹಕ್ಕಿಗೆ ತೊಂದರೆ ಕೊಡುವುದು 1940ರ ಕಾನೂನಿನ ಪ್ರಕಾರ ಅಪರಾಧ. ಬಿದ್ದ ಗರಿಯನ್ನು ಮನೆಗೆ ಒಯ್ಯುವಂತೆಯೂ ಇಲ್ಲ. ಮನುಷ್ಯರು ಹತ್ತಿರ ಸುಳಿದರೆ ತಾಯಿ ಎದ್ದುಹೋಗುತ್ತದೆ, ಚಳಿಯಲ್ಲಿ ಮೊಟ್ಟೆ ತಣ್ಣಗಾಗುತ್ತದೆ. ಡಿಡಿಟಿ ಎಂಬ ಕೀಟನಾಶಕ ಮೊಟ್ಟೆಯ ಚಿಪ್ಪನ್ನೇ ತೆಳುವಾಗಿಸಿದ ಕಾಲದಲ್ಲಿ, 1963ರಲ್ಲಿ, ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲಿ ಗೂಡು ಕಟ್ಟುತ್ತಿದ್ದದ್ದು ಬರೀ 417 ಜೋಡಿ. 1972ರಲ್ಲಿ ಡಿಡಿಟಿ ನಿಂತ ಮೇಲೆ ಚೇತರಿಸಿಕೊಂಡು, 2007ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಹೊರಬಂದವು. ಒಂದು ಫೋಟೋಗಾಗಿ ಒಂದು ಮೊಟ್ಟೆಯೂ ಕೆಡಬಾರದು.

ಹೊಳೆದಂಡೆ:
ಅರ್ಥವಾಯಿತು, ಅಣೆಕಟ್ಟಿನ ಹತ್ತಿರವೇ ಕಾಯುತ್ತೇನೆ. ಇನ್ನೊಂದು ಪ್ರಶ್ನೆ. ಪೂರ್ತಿ ಕಂದು ಬಣ್ಣದ ದೊಡ್ಡ ಹಕ್ಕಿಗಳೂ ಇವೆ. ಗೋಲ್ಡನ್ ಈಗಲಾ?

ರೆಕ್ಕೆಪುಕ್ಕ:
ಬಹುಮಟ್ಟಿಗೆ ಬಾಲ್ಡ್ ಈಗಲ್‌ನ ಎಳೆಯ ಹಕ್ಕಿಗಳೇ. ತಲೆ ಬೆಳ್ಳಗಾಗಲು ನಾಲ್ಕೈದು ವರ್ಷ ಬೇಕು. ಅವಕ್ಕೆ ಬಿಳಿ ಸುಡುವ ಭಯವಿಲ್ಲ, ಅದೇ ಬಿಸಿಲಿನಲ್ಲಿ ಶಟರ್ 1/2000ಕ್ಕೆ ಇಳಿಸಿ. ಬಿಳಿ ತಲೆಯದು ಕಂಡ ತಕ್ಷಣ ವಾಪಸ್ 1/3200.