ತುಮಕೂರಿನ ಮನೆಯಿಂದ ತಿಪಟೂರಿನ ಮಂಡಿ ಕಂಪ್ಯೂಟರಿನಲ್ಲಿ ಕೆಲಸ ಮಾಡುವುದು ಹೇಗೆ?

ಗುಬ್ಬಿ ಗೇಟ್ ಲೆಕ್ಕ

ತಿಪಟೂರಿನ ಒಂದು ಕೊಬ್ಬರಿ ಮಂಡಿಗೆ ಲೆಕ್ಕ ಬರೆಯುತ್ತೇನೆ. ಮನೆ ತುಮಕೂರಿನಲ್ಲಿ. ಇಷ್ಟು ದಿನ ಅರಸೀಕೆರೆ ಕಡೆಯ ರೈಲು ಹಿಡಿದು ಹೋಗಿ ಬರುತ್ತಿದ್ದೆ. ಈಗ ಅಮ್ಮನಿಗೆ ಸೊಂಟದ ಆಪರೇಷನ್ ಆಗಿದೆ, ಹಗಲು ಅವರನ್ನು ಒಬ್ಬರೇ ಬಿಟ್ಟು ಹೋಗುವ ಹಾಗಿಲ್ಲ. ಕೆಲಸ ಬಿಡುವ ಮನಸ್ಸೂ ಇಲ್ಲ. ಆ ಪುಸ್ತಕಗಳನ್ನು ನಾನೇ ಒಂದು ದಾರಿಗೆ ತಂದಿದ್ದು. ಯಜಮಾನರು ‘ಮನೆಯಿಂದಲೇ ಮಾಡಮ್ಮ’ ಎಂದಿದ್ದಾರೆ.

ಅಂಗಡಿಯಲ್ಲಿ ಇರುವುದು ವಿಂಡೋಸ್ 11 ಹೋಮ್ ಹಾಕಿದ ಡೆಸ್ಕ್‌ಟಾಪ್. ಅದರಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ಕನ್ನಡ ಟೈಪ್ ಮಾಡಲು ನುಡಿ, ಜೊತೆಗೊಂದು ಪ್ರಿಂಟರ್. ನೆಟ್ ಬರುವುದು ಸಿಮ್ ಹಾಕಿದ ರೂಟರಿನಿಂದ. ಹಗಲು ಒಬ್ಬ ಹುಡುಗ ಅದರಲ್ಲೇ ಬಿಲ್ ಹಾಕುತ್ತಾನೆ. ಕರೆಂಟ್ ಆಗಾಗ ಹೋಗುತ್ತದೆ. ಜಿಎಸ್‌ಟಿ ರಿಟರ್ನ್‌ಗಳಲ್ಲಿ ಜಿಎಸ್‌ಟಿಆರ್-1 ತಿಂಗಳ 11ರೊಳಗೆ, 3ಬಿ 20ರೊಳಗೆ ಹೋಗಬೇಕು. ಅದಕ್ಕೆ ಮುಂಚಿನ ದಿನಗಳಲ್ಲಿ ಎಂಟ್ರಿಗಳನ್ನು ತಾಳೆ ನೋಡುವ ಕೆಲಸ ಜಾಸ್ತಿ.

ಯಜಮಾನರಿಗೆ ಒಂದೇ ಭಯ. ಅವರ ಪರಿಚಯದವರೊಬ್ಬರು ಫೋನಿನಲ್ಲಿ ಯಾರೋ ಹೇಳಿದರೆಂದು ದೂರದಿಂದ ನಡೆಸುವ ಇಂಥದ್ದೇ ಆ್ಯಪ್ ಹಾಕಿಕೊಂಡು ದುಡ್ಡು ಕಳೆದುಕೊಂಡರು. ಆ ಭಯ ಸರಿಯಾದದ್ದೇ. ಅದಕ್ಕೆ ನೇರ ಉತ್ತರ ಸಿಗುವ ತನಕ ನಾನು ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ.

ಶಿರಾ ಗೇಟ್ ಸಿಸ್ಟಮ್ ರಿಪೇರಿ

ಮೊದಲು ಒಂದು ಮಾತು. ಹೋಮ್ ಆವೃತ್ತಿಗೆ ಹೊರಗಿನಿಂದ ವಿಂಡೋಸ್‌ನ ಸ್ವಂತ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ಕಂಪ್ಯೂಟರ್ ನಡೆಸುವ ಸೌಲಭ್ಯ) ಮೂಲಕ ಬರಲು ಆಗುವುದಿಲ್ಲ. ಅದಕ್ಕೆ ಪ್ರೊ ಆವೃತ್ತಿ ಬೇಕು. ಪ್ರೊ ಹಾಕಿಸಿ, ರೂಟರಿನಲ್ಲಿ 3389 ಪೋರ್ಟ್, ಅಂದರೆ ರಿಮೋಟ್ ಡೆಸ್ಕ್‌ಟಾಪಿಗೆ ಹೊರಗಿನಿಂದ ಬರುವ ಬಾಗಿಲು, ತೆರೆದುಬಿಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ತೆರೆದ 3389 ಹುಡುಕಿಕೊಂಡು ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. 2019ರಲ್ಲಿ ಬ್ಲೂಕೀಪ್ ಎಂಬ ದೋಷ ಸಿಕ್ಕಾಗ ಹಳೆಯ ವಿಂಡೋಸ್‌ಗಳಿಗೆ ಪಾಸ್‌ವರ್ಡ್ ಇಲ್ಲದೆಯೇ ನುಗ್ಗಬಹುದಿತ್ತು. ಅಲ್ಲದೆ ಸಿಮ್ ನೆಟ್‌ನಲ್ಲಿ ಸಾಮಾನ್ಯವಾಗಿ ಒಂದೇ ಹೊರವಿಳಾಸವನ್ನು ತುಂಬಾ ಜನ ಹಂಚಿಕೊಂಡಿರುತ್ತಾರೆ. ಪೋರ್ಟ್ ತೆರೆದರೂ ನೀವು ಅಲ್ಲಿಗೆ ತಲುಪುವುದು ಕಷ್ಟ.

ನಿಮ್ಮ ಕೆಲಸಕ್ಕೆ ಗೂಗಲ್‌ನವರ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಸಾಕು. ದುಡ್ಡು ಕೊಡಬೇಕಿಲ್ಲ, ಪೋರ್ಟ್ ಬೇಕಿಲ್ಲ. ಆದರೆ ಅದನ್ನು ನಿಮ್ಮ ಗೂಗಲ್ ಅಕೌಂಟಿನಲ್ಲಿ ಹಾಕಬೇಡಿ. ಮಂಡಿಗೆಂದೇ ಒಂದು ಹೊಸ ಅಕೌಂಟ್ ಮಾಡಿ, ಎರಡು ಹಂತದ ಪರಿಶೀಲನೆ ಯಜಮಾನರ ಫೋನಿಗೆ ಹೋಗಲಿ. ನಾಳೆ ನೀವು ಕೆಲಸ ಬಿಟ್ಟರೆ ಅವರು ಪಾಸ್‌ವರ್ಡ್ ಬದಲಿಸಿದರಾಯಿತು. ಬೀಗದ ಕೈ ಮನೆಯವರ ಹತ್ತಿರವೇ ಇದ್ದ ಹಾಗೆ. ಆಮೇಲೆ ಆರು ಅಂಕಿಗಿಂತ ಉದ್ದದ ಪಿನ್ ಇಡಿ. ವಿಂಡೋಸ್‌ಗೂ ಪಾಸ್‌ವರ್ಡ್ ಇರಲಿ.

ನೀವು ಒಳಗಿದ್ದಾಗ ಅಂಗಡಿಯ ಪರದೆಯ ಮೇಲೆ ಹಂಚಿಕೆ ನಡೆಯುತ್ತಿದೆ ಎಂಬ ಪಟ್ಟಿ ಕಾಣುತ್ತದೆ, ಅದರಲ್ಲೇ ನಿಲ್ಲಿಸುವ ಬಟನ್ ಇದೆ. ಅದನ್ನು ಯಜಮಾನರಿಗೂ ಹುಡುಗನಿಗೂ ಒತ್ತಿ ತೋರಿಸಿ. ನೀವು ಮಾಡುವುದೆಲ್ಲ ಅವರಿಗೆ ಕಾಣುತ್ತದೆ. ಭಯ ಹೋಗುವುದು ಇದರಿಂದಲೇ, ಮಾತಿನಿಂದಲ್ಲ.

ಇನ್ನು ಕರೆಂಟ್. ನಾನು ನೋಡಿದ ಮಟ್ಟಿಗೆ ಈ ವ್ಯವಸ್ಥೆ ಕೆಡುವುದು ಸಾಫ್ಟ್‌ವೇರಿನಿಂದಲ್ಲ, ಆ ಕಡೆಯ ಕಂಪ್ಯೂಟರ್ ನಿದ್ದೆ ಹೋಗಿರುವುದರಿಂದ. ಸ್ಲೀಪ್ ಪೂರ್ತಿ ತೆಗೆಯಿರಿ, ಪರದೆ ಮಾತ್ರ ಆರಲಿ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಬರುವ ಸೆಟ್ಟಿಂಗ್) ಕರೆಂಟ್ ಬಂದ ತಕ್ಷಣ ತಾನೇ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನು ಹಾಕಿ. ಯುಪಿಎಸ್‌ಗೆ ಸಿಪಿಯು ಮಾತ್ರ ಅಲ್ಲ, ರೂಟರನ್ನೂ ಸೇರಿಸಿ. ಎಷ್ಟೋ ಕಡೆ ಕಂಪ್ಯೂಟರ್ ಉರಿಯುತ್ತಿರುತ್ತದೆ, ರೂಟರ್ ಸತ್ತಿರುತ್ತದೆ.

ಕೋಲಾರ ಬೆರಳಚ್ಚು

ನುಡಿ ಬಗ್ಗೆ ಹೇಳುತ್ತೇನೆ, ನಾನು ದಿನವೂ ಹೀಗೇ ಟೈಪ್ ಮಾಡುವವಳು. ಮನೆಯ ಕಂಪ್ಯೂಟರಿನಿಂದ ಹೋಗುವುದು ಕೀಲಿ ಒತ್ತಿದ ಸುದ್ದಿ, ಅಕ್ಷರ ಅಲ್ಲ. ಅದಕ್ಕೆ ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ ನುಡಿ ಆನ್ ಇರಲಿ, ಮನೆಯದರಲ್ಲಿ ಆಫ್ ಮಾಡಿ. ಎರಡೂ ಆನ್ ಇದ್ದರೆ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. ಉದ್ದದ ಪತ್ರವಾದರೆ ಮನೆಯದರಲ್ಲೇ ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರಿಗೂ ಹೊಂದುವ ಅಕ್ಷರ) ಬರೆದು ಅಲ್ಲಿಗೆ ಅಂಟಿಸುವುದು ಸುಲಭ.

ನೆಟ್ ನಿಧಾನ ಇದ್ದಾಗ ಟ್ಯಾಲಿಯಲ್ಲಿ ಎಂಟರ್ ಕೀಲಿಯನ್ನು ಪಟಪಟ ಒತ್ತಬೇಡಿ. ಪರದೆ ಹಿಂದೆ ಉಳಿದಿರುತ್ತದೆ, ಎಂಟ್ರಿ ಮುಂದೆ ಹೋಗಿಬಿಟ್ಟಿರುತ್ತದೆ.

ಗುಬ್ಬಿ ಗೇಟ್ ಲೆಕ್ಕ

ಇಬ್ಬರಿಗೂ ತುಂಬಾ ಧನ್ಯವಾದ. ಹುಡುಗ ಬಿಲ್ ಹಾಕುತ್ತಿರುವಾಗಲೇ ನಾನೂ ಒಳಗೆ ಹೋಗಬಹುದಾ? ಪ್ರಿಂಟ್ ಎಲ್ಲಿ ಬರುತ್ತದೆ? ಯಜಮಾನರ ಪರಿಚಯದವರಿಗೆ ಆದದ್ದು ಇದರಲ್ಲಿ ಆಗುವುದಿಲ್ಲ ಎಂದು ಹೇಗೆ ಹೇಳಲಿ?

ಶಿರಾ ಗೇಟ್ ಸಿಸ್ಟಮ್ ರಿಪೇರಿ

ಹೋಗಬಹುದು, ಆದರೆ ಇಬ್ಬರಿಗೂ ಒಂದೇ ಪರದೆ, ಒಂದೇ ಮೌಸ್. ಕಿತ್ತಾಟವಾಗುತ್ತದೆ. ಮಂಡಿ ಮುಗಿದ ಮೇಲೆ, ಸಂಜೆ ಮಾಡಿ. ಹಗಲೇ ಇಬ್ಬರೂ ಮಾಡಬೇಕಾದರೆ ಟ್ಯಾಲಿಯ ಸ್ವಂತ ರಿಮೋಟ್ ಸೌಲಭ್ಯ ನೋಡಿ, ಅದಕ್ಕೆ ಟಿಎಸ್‌ಎಸ್ (ಟ್ಯಾಲಿಯವರ ಸೇವೆಯ ಚಂದಾ) ಚಾಲ್ತಿಯಲ್ಲಿರಬೇಕು. ಪ್ರಿಂಟ್ ಕೊಟ್ಟರೆ ಅಂಗಡಿಯ ಪ್ರಿಂಟರಿನಲ್ಲೇ ಬರುತ್ತದೆ. ನಿಮಗೆ ಬೇಕಾದ್ದನ್ನು ಪಿಡಿಎಫ್ ಮಾಡಿ, ಪಕ್ಕದ ಮೆನುವಿನಿಂದ ಡೌನ್‌ಲೋಡ್ ಮಾಡಿಕೊಳ್ಳಿ.

ಮೋಸದ ಬಗ್ಗೆ ಹೀಗೆ ಹೇಳಿ. ಮೋಸಗಾರ ಫೋನ್ ಮಾಡಿ ಆ್ಯಪ್ ಹಾಕಿಸುತ್ತಾನೆ, ಪರದೆಯ ಮೇಲಿನ ಕೋಡ್ ಕೇಳುತ್ತಾನೆ. ಇಲ್ಲಿ ನಿಮ್ಮ ಲಾಗಿನ್ ಯಜಮಾನರ ಎದುರಿಗೇ ಮಾಡಿಕೊಂಡರೆ, ಆಮೇಲೆ ಫೋನಿನಲ್ಲಿ ಹಾಗೆ ಕೋಡ್ ಕೇಳುವ ಪ್ರಸಂಗವೇ ಇಲ್ಲ. ಹಾಗಾಗಿ ನಿಮ್ಮ ಹೆಸರು ಹೇಳಿಕೊಂಡೇ ಯಾರಾದರೂ ಫೋನಿನಲ್ಲಿ ಕೋಡ್ ಕೇಳಿದರೂ ಕೊಡಬಾರದು. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಆ ನಂಬರನ್ನು ಗಲ್ಲಾಪೆಟ್ಟಿಗೆ ಹತ್ತಿರ ಬರೆದು ಅಂಟಿಸಿ. ಮಂಡಿಯ ಬ್ಯಾಂಕ್ ಪಾಸ್‌ವರ್ಡನ್ನು ಆ ಕಂಪ್ಯೂಟರಿನ ಬ್ರೌಸರಿನಲ್ಲಿ ಉಳಿಸಿಡಬೇಡಿ. ನೀವು ಒಳಗಿದ್ದಾಗ ಬ್ಯಾಂಕಿನ ಸೈಟ್ ತೆರೆಯುವುದೂ ಬೇಡ, ಇದು ನಿಮ್ಮ ಒಳ್ಳೆಯದಕ್ಕೂ ಹೌದು.

ಎಲ್ಲ ಹಾಕಿದ ಮೇಲೆ ಅಂಗಡಿಯಲ್ಲೇ ನಿಂತು ಯುಪಿಎಸ್ ಸಮೇತ ಕರೆಂಟ್ ತೆಗೆಯಿರಿ, ಮತ್ತೆ ಹಾಕಿ. ಯಾರೂ ಏನೂ ಮುಟ್ಟದೆ ಕಂಪ್ಯೂಟರ್ ಎದ್ದು, ನಿಮ್ಮ ಫೋನಿನಲ್ಲಿ ಆನ್‌ಲೈನ್ ಎಂದು ತೋರಿಸಿದ ಮೇಲೆಯೇ ತುಮಕೂರಿನ ರೈಲು ಹತ್ತಿ.