ಸಹಾಯ ಬೇಕು: ಕನ್ನಡದಲ್ಲಿ ಮಾತಾಡುವ ಆಪ್ತಸಮಾಲೋಚಕರು ಗೊತ್ತಿದ್ದಾರಾ?

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆಂದು ಪೆರುವಿನ ಇಕಿಟೋಸ್‌ಗೆ ಬಂದು ಎಂಟು ತಿಂಗಳಾಯ್ತು. ಹೊರಗಿನಿಂದ ರಸ್ತೆಯೇ ಇಲ್ಲದ ಊರಿದು. ವಿಮಾನ ಇಲ್ಲವೇ ದೋಣಿ. ಇಲ್ಲಿ ಆಯಾವಾಸ್ಕಾ ಅಂತ ಒಂದು ಪಾನೀಯ ಇದೆ, ಕಾಡಿನ ಬಳ್ಳಿಯನ್ನು ಕುದಿಸಿ ಮಾಡುವಂಥದ್ದು, ಕುಡಿದರೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತೆ. ಅದರ ಸಾಂಪ್ರದಾಯಿಕ ಬಳಕೆಯನ್ನು ಪೆರು 2008ರಲ್ಲೇ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿದೆ.

ಮೂರು ವಾರದ ಹಿಂದೆ ನಾನೂ ಅದನ್ನು ಕುಡಿದೆ. ಕತ್ತಲು, ಪಕ್ಕದಲ್ಲಿ ವಾಂತಿಗೆಂದು ಇಟ್ಟ ಪ್ಲಾಸ್ಟಿಕ್ ಬಕೆಟ್, ಹಿರಿಯರೊಬ್ಬರ ಈಕಾರೋ (ಇದನ್ನು ಕುಡಿಸುವಾಗ ಹಾಡುವ ಸಾಂಪ್ರದಾಯಿಕ ಹಾಡು). ತೀರಿಹೋದ ಅಮ್ಮ ಎದುರಿಗೇ ಕೂತ ಹಾಗಾಯ್ತು. ಬೆಳಗಿನವರೆಗೂ ಅತ್ತೆ. ಅಂದಿನಿಂದ ನಿದ್ದೆ ಸರಿಯಿಲ್ಲ, ಆಫೀಸಿನಲ್ಲಿ ಕೂತಾಗಲೂ ಸುಮ್ಮಸುಮ್ಮನೆ ಕಣ್ಣು ತುಂಬಿ ಬರುತ್ತೆ. ಸ್ಪ್ಯಾನಿಷ್‌ನಲ್ಲಿ ತರಕಾರಿ ಕೊಳ್ಳಬಲ್ಲೆ, ಅಮ್ಮನ ವಿಷಯ ಹೇಳಲಾರೆ.

(ಕುಡಿಯುವ ಯೋಚನೆ ಇರುವವರಿಗೆ ಒಂದು ಮಾತು: ಖಿನ್ನತೆಗೆ ಎಸ್‌ಎಸ್‌ಆರ್‌ಐ ಮಾತ್ರೆ ತಗೊಳ್ತಿದ್ದರೆ ಖಂಡಿತ ಬೇಡ. ಬಳ್ಳಿಯಲ್ಲಿರುವ ಹಾರ್ಮಿನ್ ಎಂಬ ರಾಸಾಯನಿಕದ ಜೊತೆ ಸೇರಿ ಸೆರೊಟೋನಿನ್ ಸಿಂಡ್ರೋಮ್ (ದೇಹದಲ್ಲಿ ಸೆರೊಟೋನಿನ್ ಮಿತಿಮೀರುವ ಸ್ಥಿತಿ) ಆದರೆ ಜೀವಕ್ಕೇ ಅಪಾಯ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಲೂಬೇಡಿ.)

ಇಂಥ ಅನುಭವವನ್ನು ಹೀಗಳೆಯದೆ ಕೇಳಿಸಿಕೊಳ್ಳುವ, ಆನ್‌ಲೈನ್‌ನಲ್ಲಿ ಸಿಗುವ ಮನೋವೈದ್ಯರು ಅಥವಾ ಆಪ್ತಸಮಾಲೋಚಕರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಭಾರತದಲ್ಲಿ ಬೆಳಿಗ್ಗೆ 7 ಗಂಟೆ ಅಂದರೆ ನನಗೆ ಹಿಂದಿನ ರಾತ್ರಿ 8:30. ಆ ಹೊತ್ತಾದರೆ ಅನುಕೂಲ. ಶುಲ್ಕ ಕೊಡುತ್ತೇನೆ. ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ಖಾಸಗಿಯಾಗಿ ಮೆಸೇಜ್ ಮಾಡಿ.