ಗಿರಗಿಟ್ಲೆ ಅರ್ಧ ಸುತ್ತು ತಿರುಗಿ ನಿಲ್ಲುತ್ತಿದೆ, ಎಲ್ಲಿ ತಪ್ಪಾಗಿದೆ?

ಕಾಗದದೋಣಿ:
ಮಲೆನಾಡಿನ ಶಾಲೆಯೊಂದರಲ್ಲಿ ಎರಡನೇ ಕ್ಲಾಸಿನ ಟೀಚರ್ ನಾನು. ಶನಿವಾರ 28 ಮಕ್ಕಳ ಕೈಯಲ್ಲಿ ಗಿರಗಿಟ್ಲೆ ಮಾಡಿಸಿದೆ. ಸರಿಯಾಗಿ ತಿರುಗಿದ್ದು ಐದೋ ಆರೋ. ಉಳಿದವು ಬಾಯಲ್ಲಿ ಊದಿದರೆ ಅರ್ಧ ಸುತ್ತು ಹೋಗಿ ನಿಂತುಬಿಡುತ್ತವೆ. ಒಂದು ಹುಡುಗಿ ಊದಿ ಊದಿ ಸುಸ್ತಾಗಿ ಕೊನೆಗೆ ಬೆರಳಲ್ಲೇ ತಿರುಗಿಸುತ್ತಾ ಕೂತಿದ್ದಳು, ನನಗೆ ತುಂಬಾ ಬೇಜಾರಾಯಿತು.

ನೋಟ್‌ಬುಕ್ ಹಾಳೆಯಲ್ಲಿ 14 ಸೆಂ.ಮೀ. ಚೌಕ, ನಾಲ್ಕು ಮೂಲೆಯಿಂದ ಕತ್ತರಿಸಿ, ತುದಿಗಳನ್ನು ನಡುವಿಗೆ ತಂದು ಗುಂಡುಸೂಜಿ ಚುಚ್ಚಿದ್ದೇವೆ. ಹಿಡಿಯುವುದಕ್ಕೆ ಪೇಪರ್ ಸುತ್ತಿ ಮಾಡಿದ ಕಡ್ಡಿ. ಸೂಜಿ ಕಳಚಬಾರದೆಂದು ಹಿಂದೆ ಎಳೆದು ಬಗ್ಗಿಸಿ ಟೇಪ್ ಹಾಕಿದೆ.

ಹಳೇಮೇಷ್ಟ್ರು:
ಟೀಚರ್, ಊದಬೇಡಿ. ಬೆರಳಲ್ಲಿ ಮೆಲ್ಲಗೆ ತಳ್ಳಿ ಬಿಟ್ಟುಬಿಡಿ, ಐದಾರು ಸಲ. ಎಲ್ಲೆಂದರಲ್ಲಿ ಗಕ್ಕನೆ ನಿಂತರೆ ಎಲ್ಲೋ ಉಜ್ಜುತ್ತಿದೆ. ತೂಗಾಡಿ ಪ್ರತಿ ಸಲವೂ ಅದೇ ಎಸಳು ಕೆಳಗೆ ಬಂದು ನಿಂತರೆ ಆ ಕಡೆ ಭಾರ ಹೆಚ್ಚು. ಎರಡಕ್ಕೂ ಮದ್ದು ಬೇರೆ ಬೇರೆ. ನೋಡಿ ಹೇಳಿ.

ಕಾಗದದೋಣಿ:
ಹೆಚ್ಚಿನವು ಗಕ್ಕನೆ ನಿಲ್ಲುತ್ತವೆ ಸರ್. ಆದರೆ ಮೂರ್ನಾಲ್ಕು ಸಡಿಲವಾಗಿಯೇ ಇವೆ, ಬೆರಳಲ್ಲಿ ಚೆನ್ನಾಗಿ ತಿರುಗುತ್ತವೆ, ಗಾಳಿಗೆ ಮಾತ್ರ ಅಲ್ಲಾಡುವುದಿಲ್ಲ.

ಹಳೇಮೇಷ್ಟ್ರು:
ಹಾಗಾದರೆ ಮೊದಲನೆಯದಕ್ಕೆ ಕಾರಣ ನೀವು ಸೂಜಿಯನ್ನು ಹಿಂದಕ್ಕೆ ಎಳೆದು ಬಗ್ಗಿಸಿದ್ದು. ಸೂಜಿಯ ತಲೆ ಮುಂದಿನಿಂದ ಒತ್ತುತ್ತದೆ, ಕಡ್ಡಿ ಹಿಂದಿನಿಂದ ಒತ್ತುತ್ತದೆ, ಕಾಗದ ನಡುವೆ ಸಿಕ್ಕಿಕೊಂಡಿದೆ. ಸೂಜಿ ಕಡ್ಡಿಯಲ್ಲಿ ಅಲ್ಲಾಡದೆ ನಿಲ್ಲಬೇಕು, ಕಾಗದ ಸೂಜಿಯ ಸುತ್ತ ಆರಾಮಾಗಿ ಓಡಾಡಬೇಕು. ಕಾಗದದ ತೂತಿನೊಳಗೆ ಸೂಜಿಯನ್ನು ನಾಲ್ಕು ಸಲ ಗುಂಡಗೆ ಆಡಿಸಿ, ತೂತು ಕೊಂಚ ಅಗಲವಾಗಲಿ. ಕಾಗದಕ್ಕೂ ಕಡ್ಡಿಗೂ ನಡುವೆ ಒಂದು ಮಣಿ ಪೋಣಿಸಿ. 28 ಮಣಿ ಸಿಗದಿದ್ದರೆ ಶಾಯಿ ಮುಗಿದ ರಿಫಿಲ್‌ನ ಖಾಲಿ ಕಡೆಯಿಂದ ಅರ್ಧ ಸೆಂ.ಮೀ. ತುಂಡು ಕತ್ತರಿಸಿ ಹಾಕಿ. ಬಗ್ಗಿಸುವಾಗ ಸೂಜಿಯ ತಲೆಗೂ ಕಾಗದಕ್ಕೂ ನಡುವೆ 2 ಮಿ.ಮೀ. ಸಂದು ಬಿಟ್ಟಿರಿ. ಚುಚ್ಚುವುದು, ಬಗ್ಗಿಸುವುದು, ಮೊನೆ ಕಾಣದಂತೆ ಟೇಪ್ ಹಚ್ಚುವುದು ನೀವೇ ಮಾಡಿ, ಆ ವಯಸ್ಸಿನ ಮಕ್ಕಳ ಕೈಗೆ ಸೂಜಿ ಬೇಡ.

ಇನ್ನು ಆ ಸಡಿಲ ಇರುವವು. ಕತ್ತರಿಸಿದ ಮೇಲೆ ನಾಲ್ಕು ಎಸಳು, ಎಂಟು ತುದಿ. ನಡುವಿಗೆ ಬರಬೇಕಾದ್ದು ಒಂದು ಬಿಟ್ಟು ಒಂದು. ಮಕ್ಕಳು ಅವಸರದಲ್ಲಿ ಒಂದು ಎಸಳಿನ ಎಡತುದಿ, ಪಕ್ಕದ್ದರ ಬಲತುದಿ ಹಿಡಿದುಬಿಡುತ್ತಾರೆ. ಗಾಳಿ ಎರಡು ಎಸಳನ್ನು ಈ ಕಡೆ, ಎರಡನ್ನು ಆ ಕಡೆ ತಳ್ಳಿದರೆ ತಿರುಗುವುದು ಹೇಗೆ? ಮಡಿಸುವ ಮೊದಲೇ ಬರಬೇಕಾದ ನಾಲ್ಕು ತುದಿಗೆ ಚುಕ್ಕೆ ಇಡಿಸಿ. ಎಡಗೈ ಮಗು ನಾಲ್ಕನ್ನೂ ಇನ್ನೊಂದು ಕಡೆಯಿಂದ ತಂದಿದ್ದರೆ ತಿದ್ದಬೇಡಿ, ಅದು ವಿರುದ್ಧ ದಿಕ್ಕಿಗೆ ಅಷ್ಟೇ ಚೆನ್ನಾಗಿ ತಿರುಗುತ್ತದೆ.

14 ಸೆಂ.ಮೀ. ಒಳ್ಳೆಯ ಅಳತೆ. ಒಂದು ಎ4 ಹಾಳೆಯಲ್ಲಿ ಎರಡು ಚೌಕ ಬರುತ್ತವೆ. ಮೂಲೆಯಿಂದ ನಡುವಿಗೆ ಸುಮಾರು 10 ಸೆಂ.ಮೀ., ಅದರಲ್ಲಿ 8 ಕತ್ತರಿಸಿ 2 ಬಿಡಿ.

ಜ್ವಾಳದಹೊಲ:
ಮೇಡಂ, ಮಳೀಗಾಲದಾಗ ನೋಟ್‌ಬುಕ್ ಹಾಳಿ ತಂಪು ಹಿಡದು ಮೆತ್ತಗಾಗ್ತದ, ಎಸಳು ಉಬ್ಬಿ ನಿಲ್ಲೂದಿಲ್ರಿ. ಹಳೇ ಕ್ಯಾಲೆಂಡರ್ ಹಾಳಿ ತಗೋರಿ, ನುಣುಪು ಇರ್ತದ, ಬಿಗೀನೂ ಇರ್ತದ. ಲಗ್ನಪತ್ರಿಕಿ ಮಾತ್ರ ಬ್ಯಾಡ, ಬಗ್ಗಿಸಿದ್ರ ಮುರೀತದ. ನಾವು ಸಣ್ಣಾವರಿದ್ದಾಗ ಗುಂಡುಸೂಜಿ ಇರಲಿಲ್ಲ, ಜಾಲಿಮುಳ್ಳು ಚುಚ್ಚಿ ಜ್ವಾಳದ ದಂಟಿಗೆ ಸಿಗಸ್ತಿದ್ವಿ. ದಂಟಿನ ಬೆಂಡು ಮುಳ್ಳನ್ನ ಗಟ್ಟಿ ಹಿಡೀತದ, ಹಿಂದ ಬಗ್ಗಿಸೂ ಕೆಲಸನ ಇಲ್ಲ.

ಕಾಗದದೋಣಿ:
ಇವತ್ತು ಎಲ್ಲವನ್ನೂ ಬಿಚ್ಚಿ ಕ್ಯಾಲೆಂಡರ್ ಹಾಳೆಯಲ್ಲಿ ಹೊಸದಾಗಿ ಮಾಡಿದೆವು. ಚುಕ್ಕೆ ಇಡುವುದು ಮಕ್ಕಳಿಗೆ ತುಂಬಾ ಇಷ್ಟವಾಯಿತು, ಒಬ್ಬರ ಚುಕ್ಕೆಯನ್ನು ಒಬ್ಬರು ಎಣಿಸಿಕೊಟ್ಟರು. ಹೊರಗೆ ಜಡಿಮಳೆ. ಶಾಲೆಯ ಉದ್ದದ ಜಗಲಿಯಲ್ಲೇ ಸಾಲಾಗಿ ಓಡಿಸಿದೆ. ಗಿರಗಿಟ್ಲೆ ಮುಂದೆ ಚಾಚಿ ಓಡುವಾಗ ಕ್ಯಾಲೆಂಡರಿನ ತಾರೀಕುಗಳೆಲ್ಲ ಕಲಸಿ ಬರೀ ಕೆಂಪು ಕಪ್ಪು ಬಳೆಗಳಂತೆ ಕಾಣುತ್ತಿದ್ದವು. ಊದಿ ಸುಸ್ತಾದ ಹುಡುಗಿಯದು ಎಲ್ಲಕ್ಕಿಂತ ಜೋರು.

27 ತಿರುಗಿವೆ. ಒಂದು ಮಾತ್ರ ಪ್ರತಿ ಸಲವೂ ಅದೇ ಎಸಳು ಕೆಳಗೆ ಬಂದು ನಿಲ್ಲುತ್ತಿದೆ. ಹರಿದಿತ್ತೆಂದು ಆ ಎಸಳಿಗೆ ಟೇಪ್ ಹಚ್ಚಿದ್ದೆವು.

ಹಳೇಮೇಷ್ಟ್ರು:
ಅದರ ಎದುರಿನ ಎಸಳಿಗೂ ಅಷ್ಟೇ ಉದ್ದದ ಟೇಪ್, ಅದೇ ಜಾಗದಲ್ಲಿ ಹಚ್ಚಿ. ನಾಳೆ ತಿರುಗುತ್ತದೆ.

ಕಾಗದದೋಣಿ:
28.